ಬೀಚ್ ಸಾಕು ಸರ್, ಇನ್ನು ಬಂದರು ತೋರಿಸಿ: ಮಂಗಳೂರಿನ ಪ್ರವಾಸೋದ್ಯಮ ನೋಡ್ಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಂಗಳೂರಿನ ಪ್ರವಾಸೋದ್ಯಮದ ಫೈಲು ಈಗ ಯಾರ ಟೇಬಲ್ ಮೇಲೆ ಉಂಟೋ ಅವರಿಗೆ ಈ ಪತ್ರ. ಹೆಸರು ಹಾಕ್ಲಿಲ್ಲ, ನೀವು ನಾಳೆ ಟ್ರಾನ್ಸ್‌ಫರ್ ಆಗಿ ಹೋದ್ರೂ ನಿಮ್ಮ ನಂತರ ಬರುವವರು ಓದ್ಲಿ ಅಂತ.

ವಿಷಯ ಇಷ್ಟೇ. ಊರಿಗೆ ಬರುವವರಿಗೆ ನಾವು ತೋರಿಸುದು ಬೀಚ್. ಹೊಸ ಯೋಜನೆ ಅಂದ್ರೂ ಬೀಚ್, ಹಬ್ಬ ಅಂದ್ರೂ ಬೀಚ್, ಫೋಟೋ ಹಾಕಿದ್ರೂ ಸೂರ್ಯ ಮುಳುಗುವ ಬೀಚ್. ಪಣಂಬೂರು ಒಳ್ಳೇದೇ, ತಣ್ಣೀರುಬಾವಿ ಇನ್ನೂ ಒಳ್ಳೇದು, ನಾನು ಬೇಡ ಅಂತ ಹೇಳುದಿಲ್ಲ. ಆದ್ರೆ ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರಿಗಿಂತ ಜಾಸ್ತಿ ಕರಾವಳಿ ಉಂಟು ಸರ್, ಮರಳಲ್ಲಿ ಕೂತು ಅಲೆ ನೋಡ್ಬೇಕು ಅಂತ ಇರುವವರಿಗೆ ಮಲ್ಪೆ ಉಂಟು, ಮರವಂತೆ ಉಂಟು, ಮುರ್ಡೇಶ್ವರ ಉಂಟು, ಗೋಕರ್ಣ ಉಂಟು, ಹಾಗಾಗಿ ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಬಂದವರು ಬೆಳಿಗ್ಗೆ ಇಲ್ಲಿ ಇಳಿದು, ಒಂದು ದೇವಸ್ಥಾನ ನೋಡಿ, ಒಂದು ಬೀಚ್ ನೋಡಿ, ಯಾವುದೋ ರೀಲ್ಸಲ್ಲಿ ಬಂದ ಹೋಟೆಲಲ್ಲಿ ಮೀನು ತಿಂದು, ಸಂಜೆಗೆ ಉಡುಪಿ ಕಡೆ ಹೋಗಿ ಆಗ್ತದೆ. ಹೋಗುವಾಗ "ಮಂಗಳೂರಲ್ಲಿ ನೋಡ್ಲಿಕ್ಕೆ ಅಂಥದ್ದೇನಿಲ್ಲ, ಊಟ ಮಾತ್ರ ಸೂಪರ್" ಅಂತ ಒಂದು ಮಾತು ಬೇರೆ. ಈ ಮಾತು ಕೇಳಿ ಕೇಳಿ ನಂಗೆ ಮಂಡೆಬಿಸಿ ಆಗಿದೆ.

ಯಾಕಂದ್ರೆ ನೋಡ್ಲಿಕ್ಕೆ ಇರುದು ಆ ಊಟ ಎಲ್ಲಿಂದ ಬಂತೋ ಅಲ್ಲೇ. ಹಳೆ ಬಂದರಲ್ಲಿ. ಹಂಪನಕಟ್ಟೆಯಿಂದ ನಡ್ಕೊಂಡೇ ಹೋಗ್ಬಹುದು, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಂದ ಇನ್ನೂ ಹತ್ತಿರ, ಆದ್ರೆ ಅಲ್ಲಿ ಇಳಿದ ಹೊರಗಿನವರಿಗೆ ಇಲ್ಲಿಂದ ಕೆಳಗೆ ಇಳಿದ್ರೆ ಒಂದು ಬಂದರು ಪೇಟೆ ಉಂಟು ಅಂತ ಯಾರೂ ಹೇಳುದಿಲ್ಲ.

ಆ ಪೇಟೆಯ ಕಥೆ ನಿಮ್ಗೆ ಗೊತ್ತಿರ್ಬಹುದು, ಆದ್ರೂ ಬರೀತೇನೆ, ಓದುವ ಬೇರೆಯವರಿಗಾಗಿ. 12ನೇ ಶತಮಾನದಲ್ಲಿ ಟುನೀಶಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ ಇಲ್ಲಿ ಬಂದು ವರ್ಷಗಟ್ಟಲೆ ಇದ್ದ. ಒಂದೆರಡು ವರ್ಷ ಅಲ್ಲ, ಅಂದಾಜು ಹದಿನೇಳು. ಅವನ ಹೆಂಡತಿ ಅಶು ಈ ಕಡೆಯವಳು, ಅವನ ಕೆಲಸ ನೋಡ್ಕೊಳ್ತಿದ್ದ ಬೊಮ್ಮ ಇಲ್ಲಿಯವನೇ. ಅವನು ಯೆಮೆನ್‌ನ ಏಡನ್‌ ಬಂದರಿಗೆ ಕಾಳುಮೆಣಸು ಕಳಿಸಿದ ಲೆಕ್ಕ, ಅಲ್ಲಿಂದ ಬಂದ ಪತ್ರ ಎಲ್ಲ ಕೈರೋದ ಒಂದು ಹಳೇ ಸಿನಗಾಗ್‌ನ ಕೋಣೆಯಲ್ಲಿ ರಾಶಿ ಬಿದ್ದ ಕಾಗದದ ಮಧ್ಯೆ ಸಿಕ್ಕಿದ್ದು. ಅದಾಗಿ ಎರಡು ಶತಮಾನ ಕಳೆದು ಊರೂರು ಸುತ್ತಿದ ಪ್ರವಾಸಿ ಇಬ್ನ್ ಬತೂತ ಬಂದ, ಫಾರಸ್ (ಈಗಿನ ಇರಾನ್ ಕಡೆ) ಮತ್ತು ಯೆಮೆನ್‌ನ ವ್ಯಾಪಾರಿಗಳು ಇಲ್ಲಿ ಇಳೀತಾರೆ, ಮೆಣಸು ಶುಂಠಿ ಧಾರಾಳ ಸಿಗ್ತದೆ ಅಂತ ಬರ್ಕೊಂಡು ಹೋದ. ಇಷ್ಟೆಲ್ಲ ಆದ ಜಾಗದಲ್ಲಿ ಒಂದು ಬೋರ್ಡ್ ನಿಲ್ಲಿಸ್ಲಿಕ್ಕೆ ಎಷ್ಟು ಖರ್ಚು ಆಗ್ತದೆ ಸರ್? ಕಬ್ಬಿಣದ ಅಕ್ಷರದಲ್ಲಿ ಊರಿನ ಹೆಸರು ಬರೆದು ಪಕ್ಕದಲ್ಲಿ ಕೆಂಪು ಹಾರ್ಟ್ ಇಡುದಕ್ಕಿಂತ ಕಮ್ಮಿಯೇ ಆದೀತು.

ಇವತ್ತಿನ ಬಂದರು ಕೂಡ ಸತ್ತ ಮ್ಯೂಸಿಯಂ ಅಲ್ಲ. 1975ರಲ್ಲಿ ಪಣಂಬೂರಲ್ಲಿ ನವಮಂಗಳೂರು ಬಂದರು ಶುರುವಾದ ಮೇಲೆ ದೊಡ್ಡ ಹಡಗೆಲ್ಲ ಅಲ್ಲಿಗೆ ಹೋಯ್ತು, ಕ್ರೂಡ್ ಆಯಿಲ್, ಕಲ್ಲಿದ್ದಲು, ಗ್ಯಾಸ್, ಕಾಫಿ ಎಲ್ಲ ಅಲ್ಲಿ. ಹಳೆ ಬಂದರಲ್ಲಿ ಉಳಿದದ್ದು ಲಕ್ಷದ್ವೀಪಕ್ಕೆ ಹೋಗುವ ಸರಕು ಮತ್ತು ಮೀನು. ತರಕಾರಿ, ದಿನಸಿ, ಸಿಮೆಂಟು, ಜಲ್ಲಿ ಹೇರ್ಕೊಂಡು ಲಕ್ಷದ್ವೀಪಕ್ಕೆ ಹೊರಡುವ ದೋಣಿ ನಿಂತದ್ದು ನೋಡ್ಲಿಕ್ಕೇ ಒಂದು ಚಂದ, ಆ ದ್ವೀಪದವರ ಅಡಿಗೆಮನೆಗೆ ಹೋಗುವ ನೀರುಳ್ಳಿ ಬಟಾಟೆ ಹೀಗೆ ನಮ್ಮ ಕಣ್ಣೆದುರು ಲೋಡ್ ಆಗ್ತದೆ ಅಂತ ಮಂಗಳೂರಿನ ಎಷ್ಟೋ ಮಕ್ಕಳಿಗೇ ಗೊತ್ತಿಲ್ಲ.

ಮತ್ತೆ ದಕ್ಕೆ, ಅಂದ್ರೆ ಬೋಟು ಬಂದು ಮೀನು ಇಳಿಸುವ ಜಾಗ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಹೋಗಿ ನೋಡಿದವರಿಗೆ ನಾನು ಹೇಳ್ಬೇಕಾದದ್ದಿಲ್ಲ. ಹತ್ತು ದಿನ ಆಳಸಮುದ್ರದಲ್ಲಿದ್ದು ಬಂದ ಟ್ರಾಲ್ ಬೋಟು ಸಾಲಾಗಿ ನಿಂತಿರ್ತದೆ, ಕ್ರೇಟ್ ಮೇಲೆ ಕ್ರೇಟ್ ಇಳೀತದೆ, ಐಸ್ ಪುಡಿ ಮಾಡುವ ಸದ್ದು, ಏಲಂ ಕೂಗುವವನ ಸ್ವರ, ತುಳು, ಬ್ಯಾರಿ, ಮಲಯಾಳಂ, ಕನ್ನಡ, ಈಗೀಗ ಬೋಟಲ್ಲಿ ದುಡಿಯುವ ಒಡಿಶಾ ಆಂಧ್ರದ ಹುಡುಗರ ಭಾಷೆ, ಎಲ್ಲ ಒಟ್ಟಿಗೆ. ಬೂತಾಯಿ, ಬಂಗುಡೆ, ಅಂಜಲ್, ಕಾಣೆ, ಮಾಂಜಿ, ನಂಗ್, ಕೊಡ್ಡೈ, ಯೆಟ್ಟಿ, ಹೆಸರು ಗೊತ್ತಿಲ್ಲದವರಿಗೆ ಅಲ್ಲಿ ನಿಂತೇ ಹೆಸರು ಕಲೀಬಹುದು. ರೇಟು ಕಟ್ಟುದರಲ್ಲಿ ಮೀನು ಮಾರುವ ಅಕ್ಕಂದಿರನ್ನು ಮೀರಿಸುವವರು ಯಾವ ಎಂಬಿಎ ಕಾಲೇಜಲ್ಲೂ ಇಲ್ಲ.

ಆದ್ರೆ ಇಲ್ಲೇ ಒಂದು ಎಚ್ಚರಿಕೆ ಹೇಳ್ಬೇಕು, ಯಾಕಂದ್ರೆ ನೀವು ಈ ಪತ್ರ ಓದಿ ಉತ್ಸಾಹ ಬಂದು ನಾಳೆಯೇ ದಕ್ಕೆಗೆ ಟೂರಿಸ್ಟ್ ಬಸ್ ನುಗ್ಗಿಸಿದ್ರೆ ಕಷ್ಟ. ಅದು ಕೆಲಸದ ಜಾಗ. ತಲೆಮೇಲೆ ಬುಟ್ಟಿ ಹೊತ್ತು ಓಡುವವರ ಅಡ್ಡ ಮೊಬೈಲ್ ಹಿಡ್ಕೊಂಡು ನಿಂತ್ರೆ ಅವರು ಬೈಯ್ತಾರೆ, ಬೈಯ್ಲೇಬೇಕು. ನೆಲ ಜಾರ್ತದೆ, ಗಾಡಿ ರಿವರ್ಸ್ ಬರ್ತಾ ಇರ್ತದೆ. ಹಾಗಾಗಿ ನಿಂತು ನೋಡ್ಲಿಕ್ಕೆ ಒಂದು ಬದಿಗೆ ಎತ್ತರದ ಜಾಗ, ಒಂದು ಗೆರೆ, ಒಂದು ಹೊತ್ತು ಅಂತ ಇರ್ಲಿ, ಜೊತೆಗೆ ಕರ್ಕೊಂಡು ಹೋಗಿ ವಿವರಿಸುವವರು ಅಲ್ಲಿಯ ಮೀನುಗಾರರ ಮನೆಯ ಹುಡುಗ ಹುಡುಗಿಯರೇ ಆಗಿರ್ಲಿ, ಅವರಿಗೆ ಅದಕ್ಕೆ ಸರಿಯಾದ ದುಡ್ಡು ಸಿಗ್ಲಿ. ಫೋಟೋ ತೆಗಿಬೇಕಾದ್ರೆ ಕೇಳಿ ತೆಗೀರಿ ಅಂತ ಒಂದು ಸಾಲು ಬರೆದ್ರೆ ಸಾಕು. ಮತ್ತೆ ದಯವಿಟ್ಟು ಒಂದು ಟಾಯ್ಲೆಟ್, ಬೀಗ ಹಾಕಿಡುವಂಥದ್ದಲ್ಲ, ತೆರೆದಿರುವಂಥದ್ದು. ಟೂರಿಸ್ಟಿಗಿಂತ ಮೊದಲು ಅಲ್ಲಿ ನಸುಕಿಂದ ಕೂತು ದುಡಿಯುವ ಹೆಂಗಸರಿಗೆ ಅದು ಬೇಕು.

"ಬಂದರಲ್ಲಿ ವಾಸನೆ, ಗಲೀಜು, ಅಲ್ಲಿಗೆಲ್ಲ ಜನರನ್ನು ಹೇಗೆ ಕರ್ಕೊಂಡು ಹೋಗುದು" ಅಂತ ನಿಮ್ಮ ಮೀಟಿಂಗಲ್ಲಿ ಯಾರಾದ್ರೂ ಹೇಳೇ ಹೇಳ್ತಾರೆ. ವಾಸನೆ ಬೇರೆ, ಗಲೀಜು ಬೇರೆ. ಮೀನಿನ ವಾಸನೆ ಇರ್ತದೆ, ಅದಕ್ಕೆ ನಾಚಿಕೆ ಎಂತಕ್ಕೆ. ಚರಂಡಿ ಕಟ್ಟಿ ನಿಂತ ನೀರು, ಪ್ಲಾಸ್ಟಿಕ್ ರಾಶಿ, ಅದು ಗಲೀಜು, ಅದನ್ನು ತೆಗೀಬೇಕಾದವರು ಮೀನುಗಾರರಲ್ಲ. ಬಂದರನ್ನು ಟೈಲ್ಸ್ ಹಾಕಿ ಮಾಲ್ ಮಾಡಿ ಅಂತ ನಾನು ಕೇಳ್ತಾ ಇಲ್ಲ.

ದಕ್ಕೆಯಿಂದ ಹಿಂದೆ ತಿರುಗಿದ್ರೆ ಕುದ್ರೋಳಿ ರಸ್ತೆ ಕಡೆಯ ಝೀನತ್ ಬಕ್ಷ್ ಮಸೀದಿ, ಈ ಕರಾವಳಿಗೆ ಇಸ್ಲಾಂ ತಂದವರು ಅಂತ ಹೇಳುವ ಮಲಿಕ್ ದೀನಾರರ ಕಾಲದಷ್ಟು ಹಳೇದು ಅಂತ ನಂಬಿಕೆ, ಒಳಗಿನ ಮರದ ಕೆತ್ತನೆಯ ಕಂಬಗಳನ್ನು ನೋಡಿದ್ರೆ ನಮ್ಮ ತುಳುನಾಡಿನ ಬಡಗಿಗಳ ಕೈ ಗೊತ್ತಾಗ್ತದೆ. ಪೇಟೆಯ ಇನ್ನೊಂದು ಬದಿ ರಥಬೀದಿ, ವೆಂಕಟರಮಣ ದೇವಸ್ಥಾನ, ಹೂವಿನ ಅಂಗಡಿ ಸಾಲು, ರಥಸಪ್ತಮಿಗೆ ಕೊಡಿಯಾಲ್ ತೇರು ಎಳೆಯುವಾಗ ಕಾಲಿಡ್ಲಿಕ್ಕೆ ಜಾಗ ಇರುದಿಲ್ಲ. ದಕ್ಷಿಣಕ್ಕೆ ಹೋದ್ರೆ ರೊಸಾರಿಯೊ ಚರ್ಚು, 1568ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾದದ್ದು, ಈಗಿನ ಕಟ್ಟಡ ಆಮೇಲಿನದ್ದು. ಮಸೀದಿ, ದೇವಸ್ಥಾನ, ಚರ್ಚು ಮೂರೂ ಬಂದರಿನ ಸುತ್ತ ನಡೆದು ನೋಡುವಷ್ಟು ಹತ್ತಿರ ಇರುದು ಸುಮ್ಮನೆ ಅಲ್ಲ, ವ್ಯಾಪಾರ ಇದ್ದಲ್ಲಿ ಎಲ್ಲರೂ ಬಂದು ನೆಲೆ ನಿಂತ್ರು. ಹಂಚಿನ ಕಥೆಯೂ ಹಾಗೇ. 1865ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ರು, ನೇತ್ರಾವತಿ ಬದಿಯ ಆವೆಮಣ್ಣು, ಘಟ್ಟದ ಸೌದೆ, ಸಾಗಿಸ್ಲಿಕ್ಕೆ ನದಿ, ಕಳಿಸ್ಲಿಕ್ಕೆ ಬಂದರು, ನಾಲ್ಕೂ ಒಂದೇ ಕಡೆ ಸಿಕ್ಕಿದ ಕಾರಣ ಮಂಗಳೂರು ಹಂಚು ದೇಶ ದಾಟಿ ಹೋಯ್ತು. ಈಗ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಆ ಜಾಗದಲ್ಲಿ ಫ್ಲ್ಯಾಟ್ ಬರ್ತಾ ಉಂಟು. ಒಂದಾದ್ರೂ ಚಿಮಣಿ ಸಮೇತ ಉಳಿಸ್ಕೊಂಡು ಒಳಗೆ ಹಂಚು ಮಾಡುದನ್ನು ತೋರಿಸುವ ಹಾಗೆ ಮಾಡ್ಬಹುದಿತ್ತಲ್ವಾ, ಇನ್ನೂ ಟೈಮ್ ಉಂಟು.

ಈಗ ಊಟದ ವಿಷಯ, ಇದನ್ನು ಗಡಿಬಿಡಿಯಲ್ಲಿ ಮುಗಿಸ್ಲಿಕ್ಕೆ ಆಗುದಿಲ್ಲ.

ಬಂದರು ಮೀನಿನ ಹೋಟೆಲುಗಳನ್ನು ಫೇಮಸ್ ಮಾಡಿದ್ದು ಯಾವ ಇಲಾಖೆಯೂ ಅಲ್ಲ. ಅಕ್ಕಿ ಮಂಡಿಯ ಕೂಲಿಯವರು, ಬೋಟಿನವರು, ಅಂಗಡಿಯವರು ಮಧ್ಯಾಹ್ನ ಹೊಟ್ಟೆ ತುಂಬ ತಿನ್ನುವ ಜಾಗ ಅದು, ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ, ಮೇಲಿಂದ ಕೆಂಪು ಮಸಾಲೆ ಹಚ್ಚಿದ ಹಸಿ ಮೀನನ್ನು ತಟ್ಟೆಯಲ್ಲಿಟ್ಟು ತಂದು ತೋರಿಸ್ತಾರೆ, ನಾವು ಬೆರಳು ತೋರಿಸಿದ್ದು ತವಾಕ್ಕೆ ಹೋಗ್ತದೆ. ಮಧ್ಯಾಹ್ನ ಒಂದು ಗಂಟೆಗೆ ಹೋದ್ರೆ ತಿನ್ನುವವನ ಕುರ್ಚಿಯ ಹಿಂದೆಯೇ ನಿಂತು ಕಾಯ್ಬೇಕು, ಅವನಿಗೂ ಅಭ್ಯಾಸ, ನಮ್ಗೂ ಅಭ್ಯಾಸ. ಈಗ ಹೊರಗಿನವರ ಗರ್ದಿ ಜಾಸ್ತಿ ಆಗಿ ಸಣ್ಣ ಹೋಟೆಲುಗಳು ಎಸಿ ಹಾಕ್ತಾ ಉಂಟು, ಹಾಕ್ಲಿ. ಆದ್ರೆ ಮೆನುವಿನಲ್ಲಿ ಅಂಜಲ್ ಎದುರು, ಮಾಂಜಿ ಎದುರು ರೇಟ್ ಬರೀದೆ "ಆ್ಯಸ್ ಪರ್ ಸೈಜ್" ಅಂತ ಬರೆಯುದುಂಟಲ್ಲ, ಅದನ್ನು ನೋಡಿ ತಿನ್ನುವವನ ಬೆವರು ಇಳೀತದೆ. ತಟ್ಟೆ ತೋರಿಸುವಾಗಲೇ ಇದು ಇಷ್ಟು, ಅದು ಅಷ್ಟು ಅಂತ ಬಾಯಲ್ಲಿ ಹೇಳುವ ಕ್ರಮ ಇರ್ಲಿ, ಬಿಲ್ ನೋಡಿ ಜಗಳ ಆಗುದು ಬೇಡ. ಇದಕ್ಕೆ ಕಾನೂನು ಬೇಡ ಸರ್, ಹೋಟೆಲಿನವರನ್ನು ಒಮ್ಮೆ ಕರ್ದು ಕೂರಿಸಿ ಮಾತಾಡಿದ್ರೆ ಆಯ್ತು.

ಮತ್ತೆ ಎಲ್ಲರಿಗೂ ಒಂದೇ ಅಂಜಲ್ ತವಾ ಫ್ರೈ ತಿನ್ನಿಸುದು ನಂಗೆ ಪಸಂದ್ ಇಲ್ಲ. ಬೂತಾಯಿ ಪುಳಿಮುಂಚಿ ತಿನ್ನದೆ, ಮರ್ವಾಯಿ (ಚಿಪ್ಪುಮೀನು) ಸುಕ್ಕ ತಿನ್ನದೆ, ಕಾಣೆ ರವಾ ಫ್ರೈ ತಿನ್ನದೆ ಹೋಗುವವರನ್ನು ನೋಡಿದ್ರೆ ಬೇಜಾರಾಗ್ತದೆ. ಬೂತಾಯಿಯಲ್ಲಿ ಮುಳ್ಳು ಅಂತಾರೆ, ಮುಳ್ಳು ಇರುದಕ್ಕೇ ಅಲ್ವಾ ನಿಧಾನ ತಿನ್ನುದು. ಘೀ ರೋಸ್ಟ್ ಮಂಗಳೂರಿದ್ದು ಅಂತ ಬೋರ್ಡ್ ಹಾಕ್ಬೇಡಿ, ಅದು ಕುಂದಾಪುರದವರದ್ದು, ಅವರು ಸುಮ್ಮನಿರುದಿಲ್ಲ. ಕೋರಿರೊಟ್ಟಿ, ನೀರ್‌ದೋಸೆ ಎಲ್ಲರಿಗೂ ಗೊತ್ತಾಗಿದೆ, ಅದಕ್ಕೆ ನನ್ನ ಪ್ರಚಾರ ಬೇಕಾಗಿಲ್ಲ.

ಮೀನು ತಿನ್ನದವರನ್ನು ನಾವು ಪೂರಾ ಮರ್ತೇಬಿಡ್ತೇವೆ. ಬೆಳಿಗ್ಗೆ ಸಜ್ಜಿಗೆ ಬಜಿಲ್, ಅಂದ್ರೆ ಬಿಸಿ ಉಪ್ಪಿಟ್ಟಿನ ಜೊತೆ ಖಾರದ ಅವಲಕ್ಕಿ, ಇದು ಘಟ್ಟದ ಮೇಲೆ ಎಲ್ಲಿ ಸಿಗ್ತದೆ ಹೇಳಿ. ಬಾಳೆಹಣ್ಣು ಹಾಕಿ ಕಲಸಿ ಇಟ್ಟ ಹಿಟ್ಟಿನ ಬನ್ಸ್, ಸಂಜೆ ನಾಲ್ಕಕ್ಕೆ ಗೋಳಿಬಜೆ ತೆಂಗಿನಕಾಯಿ ಚಟ್ನಿ, ರಥಬೀದಿ ಸುತ್ತಮುತ್ತ ಬಿಸ್ಕುಟ್ ಅಂಬಡೆ, ಹೀಗೆ ನಡೀತಾ ತಿನ್ನುತ್ತಾ ಹೋಗ್ಲಿಕ್ಕೆ ಇಡೀ ದಿನ ಸಾಲದು. ಕೊನೆಗೆ ಐಡಿಯಲ್‌ನಲ್ಲಿ ಒಂದು ಗಡ್‌ಬಡ್, ಅದು 1975ರಿಂದ ಇರುವ ಐಸ್‌ಕ್ರೀಮ್ ಅಂಗಡಿ, ಅಂದ್ರೆ ನವಮಂಗಳೂರು ಬಂದರಿಗೂ ಅದಕ್ಕೂ ಒಂದೇ ಪ್ರಾಯ. ಗಡ್‌ಬಡ್ ಮೊದಲು ಮಾಡಿದ್ದು ಮಂಗಳೂರೋ ಉಡುಪಿಯೋ ಅನ್ನುವ ಜಗಳಕ್ಕೆ ನಾನು ಇಳಿಯುದಿಲ್ಲ.

ಇನ್ನೊಂದು ವಿಷಯ, ಇದನ್ನು ಯಾಕೆ ಯಾರೂ ಬರುವವರಿಗೆ ಹೇಳುದಿಲ್ಲ ಅಂತಲೇ ನಂಗೆ ಆಶ್ಚರ್ಯ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನು ಹಿಡಿಯುದು ನಿಷೇಧ, ಮೀನು ಮೊಟ್ಟೆ ಇಡುವ ಕಾಲ, ಕಡಲೂ ಹುಚ್ಚು. ಆ ಹೊತ್ತಲ್ಲಿ ಮಳೆ ನೋಡ್ಲಿಕ್ಕೆ ಅಂತ ಬಂದವರು ಹೋಟೆಲಲ್ಲಿ ಕೂತು "ಫ್ರೆಶ್ ಅಂಜಲ್ ಉಂಟಾ" ಅಂತ ಕೇಳ್ತಾರೆ, ಐಸಲ್ಲಿಟ್ಟದ್ದು, ಬೇರೆ ಕಡೆಯಿಂದ ಬಂದದ್ದು ಅಂತ ಹೇಳುವ ಧೈರ್ಯ ಎಷ್ಟು ಹೋಟೆಲಿಗೆ ಉಂಟು? ಒಂದು ಮೀನು ಕ್ಯಾಲೆಂಡರ್ ಮಾಡಿ ಸರ್. ಯಾವ ತಿಂಗಳು ಯಾವ ಮೀನು ಜಾಸ್ತಿ, ಯಾವಾಗ ಬೋಟು ಇಲ್ಲ, ಆಗ ನಾಡದೋಣಿಯವರು ತರುದು ಎಂತ, ಹೊಳೆಮೀನು ಯಾವುದು, ಒಂದು ಪೇಜಲ್ಲಿ ಬಣ್ಣದ ಚಿತ್ರ ಹಾಕಿ ರೈಲ್ವೆ ಸ್ಟೇಷನಲ್ಲಿ, ಬಸ್‌ಸ್ಟ್ಯಾಂಡಲ್ಲಿ, ಹೋಟೆಲ್ ಕ್ಯಾಶ್ ಕೌಂಟರ್ ಹತ್ರ ಅಂಟಿಸಿ. ಆಟಿ ತಿಂಗಳಲ್ಲಿ, ಅಂದ್ರೆ ತುಳುವರ ಜೋರು ಮಳೆಯ ತಿಂಗಳಲ್ಲಿ, ಬಂದವರಿಗೆ ಮೀನಿಲ್ಲ ಅಂತ ಬೇಜಾರು ಮಾಡಿಸುದರ ಬದಲು ಕೆಸುವಿನ ಎಲೆಯ ಪತ್ರೊಡೆ, ತಿಮರೆ (ಒಂದೆಲಗ) ಚಟ್ನಿ, ಹಲಸಿನ ಬೀಜದ ಪದಾರ್ಥ ತೋರಿಸಿ, ಅದು ವರ್ಷ ಇಡೀ ಬೇಕಂದ್ರೂ ಸಿಗುದಿಲ್ಲ.

ಮಳೆಗಾಲದಲ್ಲಿ ಬೀಚಿಗೆ ಹೋಗ್ಬೇಡಿ ಅಂತ ಮಾತ್ರ ಗಟ್ಟಿಯಾಗಿ ಹೇಳಿ. ಸೋಮೇಶ್ವರದ ರುದ್ರಪಾದೆ ಮೇಲೆ ಹತ್ತಿ ಫೋಟೋ ತೆಗೆಯುವ ಹುಚ್ಚಿಗೆ ಎಷ್ಟು ಮಕ್ಕಳ ಜೀವ ಹೋಯ್ತು ಅಂತ ಉಳ್ಳಾಲದವರನ್ನು ಕೇಳಿ. ಕನ್ನಡದಲ್ಲಿ ಒಂದು ಬೋರ್ಡು ಇದ್ರೆ ಸಾಲದು, ಹಿಂದಿ, ಮಲಯಾಳಂ, ಇಂಗ್ಲಿಷಲ್ಲೂ ಇರ್ಲಿ, ಅಲ್ಲಿ ನಿಲ್ಲುವ ಲೈಫ್‌ಗಾರ್ಡ್‌ಗೆ ತಿಂಗಳು ತಿಂಗಳು ಸಂಬಳವೂ ಸಿಗ್ಲಿ. ಕಡಲಿಗೆ ಇಳೀಬೇಡಿ ಅಂದಮೇಲೆ ಆ ದಿನ ಎಲ್ಲಿಗೆ ಹೋಗುದು ಅಂತಲೂ ಹೇಳ್ಬೇಕಲ್ಲ. ಸಂತ ಅಲೋಶಿಯಸ್ ಚಾಪೆಲ್‌ಗೆ ಕಳಿಸಿ, ಇಟಲಿಯಿಂದ ಬಂದ ಅಂಟೋನಿಯೊ ಮೊಸ್ಕೆನಿ ಅನ್ನುವ ಜೆಸ್ವಿಟ್ ಬ್ರದರ್ 1899ರ ಹೊತ್ತಿಗೆ ಶುರು ಮಾಡಿ ಗೋಡೆ, ಚಾವಣಿ ಒಂದಿಂಚು ಬಿಡದೆ ಚಿತ್ರ ಬರೆದ ಜಾಗ, ಕತ್ತು ನೋಯುವ ತನಕ ಮೇಲೆ ನೋಡ್ಬಹುದು. ಕದ್ರಿಗೆ ಕಳಿಸಿ, ತುಳುನಾಡು ಆಳಿದ ಆಳುಪರ ರಾಜ ಕುಂದವರ್ಮ 968ರಲ್ಲಿ ಸ್ಥಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಅಲ್ಲಿ ಉಂಟು, ಅಷ್ಟು ಹಳೇ, ಅಷ್ಟು ಚಂದದ ಕಂಚಿನ ಕೆಲಸ ದಕ್ಷಿಣದಲ್ಲೇ ಕಮ್ಮಿ. ಜನ ಮಂಜುನಾಥನಿಗೆ ಕೈಮುಗಿದು ಅದರ ಎದುರಿಂದಲೇ ದಾಟಿ ಹೋಗ್ತಾರೆ. ಪಿಲಿಕುಳ, ಕುದ್ರೋಳಿ ಬಗ್ಗೆ ಬರೀತಾ ಹೋದ್ರೆ ಇದು ಗೈಡ್‌ಬುಕ್ ಆಗ್ತದೆ, ಬಿಡ್ತೇನೆ.

ಸುಲ್ತಾನ್ ಬತ್ತೇರಿ ಮಾತ್ರ ಬಿಡ್ಲಿಕ್ಕಾಗುದಿಲ್ಲ. ಗುರುಪುರ ನದಿಯೊಳಗೆ ಶತ್ರು ಹಡಗು ಬಾರದ ಹಾಗೆ ಕಾಯ್ಲಿಕ್ಕೆ 1784ರ ಸುಮಾರಿಗೆ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲುಬುರುಜು. ಅದೇ ವರ್ಷ ಮಾರ್ಚಲ್ಲಿ ಅವನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಇದೇ ಊರಲ್ಲಿ ಒಪ್ಪಂದ ಆದದ್ದು. ಬಂದವರು ಮೇಲೆ ಹತ್ತಿ, ಕೋವಿ ಇಡುವ ಕಿಂಡಿಯಲ್ಲಿ ಮುಖ ಇಟ್ಟು ಒಂದು ಫೋಟೋ ತೆಗೆದು ಐದು ನಿಮಿಷಕ್ಕೆ ಇಳೀತಾರೆ, ಯಾಕಂದ್ರೆ ಇದು ಯಾಕೆ ಇಲ್ಲಿ ಉಂಟು ಅಂತ ಹೇಳುವವರಿಲ್ಲ. ನಿಜವಾದ ಮಜಾ ಅದರ ಬುಡದಲ್ಲಿ, ತಣ್ಣೀರುಬಾವಿಗೆ ಹೋಗುವ ಫೆರಿಯಲ್ಲಿ. ರಸ್ತೆಯಲ್ಲಿ ಸುತ್ತಿ ಬಳಸಿ ಕೂಳೂರು ಮೇಲಿಂದ ಹೋಗುವ ದೂರವನ್ನು ದೋಣಿ ಕೆಲವೇ ನಿಮಿಷದಲ್ಲಿ ದಾಟ್ತದೆ. ಬಂದರಿಂದ ನದಿಯ ಆಚೆ ದಡದ ಬೆಂಗ್ರೆಗೂ ಹೀಗೇ ದೋಣಿ, ಅದು ಶಾಲೆಮಕ್ಕಳು, ಕೆಲಸಕ್ಕೆ ಹೋಗುವವರು ದಿನಾ ಬಳಸುವ ದಾರಿ. ಅಲ್ಲಿಂದ ಒಂದು ಬದಿ ಅಳಿವೆ ಬಾಗಿಲು ಕಾಣ್ತದೆ, ನೇತ್ರಾವತಿ, ಫಲ್ಗುಣಿ (ಗುರುಪುರ ನದಿಯ ಇನ್ನೊಂದು ಹೆಸರು) ಎರಡೂ ಕಡಲು ಸೇರುವ ಜಾಗ, ಮೀನು ಹಿಡಿದು ಬರುವ ಬೋಟು ಅಲೆಗೆ ಎದ್ದು ಬಿದ್ದು ಒಳಗೆ ಬರುದನ್ನು ನೋಡಿದವನಿಗೆ ಆಮೇಲೆ ಮೀನಿನ ರೇಟಿನ ಬಗ್ಗೆ ಚೌಕಾಸಿ ಮಾಡ್ಲಿಕ್ಕೆ ಮನಸ್ಸು ಬರುದಿಲ್ಲ. ವಾಟರ್ ಸ್ಪೋರ್ಟ್ಸ್‌ಗೆ ಲಕ್ಷ ಲಕ್ಷ ಹಾಕುವ ಮೊದಲು ಈ ಎರಡು ಕಡವಿನಲ್ಲಿ ಮೊದಲ ದೋಣಿ ಎಷ್ಟಕ್ಕೆ, ಕೊನೆಯ ದೋಣಿ ಎಷ್ಟಕ್ಕೆ, ಟಿಕೆಟ್ ಎಷ್ಟು ಅಂತ ಬರೆದು ಹಾಕಿ. ಎಲ್ಲರಿಗೂ ಲೈಫ್ ಜಾಕೆಟ್ ಕೊಡಿ, ಹತ್ತಿ ಇಳೀಲಿಕ್ಕೆ ವಯಸ್ಸಾದವರಿಗೆ ಹಿಡ್ಕೊಳ್ಳಿಕ್ಕೆ ಒಂದು ಕಂಬಿ ಇರ್ಲಿ. ಆದ್ರೆ ಟೂರಿಸ್ಟಿಗೆ ಅಂತ ಟಿಕೆಟ್ ಏರಿಸಿ ಬೆಂಗ್ರೆಯವರ ಕಿಸೆಗೆ ಕೈ ಹಾಕ್ಬೇಡಿ, ಆ ದೋಣಿ ಮೊದಲು ಅವರದ್ದು.

ಪಣಂಬೂರಿಗೆ ಕ್ರೂಸ್ ಹಡಗು ಬಂದಾಗ ಫಾರಿನರ್‌ಗಳನ್ನು ಚೆಂಡೆ, ಯಕ್ಷಗಾನ ವೇಷ ಇಟ್ಟು ಸ್ವಾಗತ ಮಾಡ್ತೇವೆ, ಸಂತೋಷ. ಅವರನ್ನು ಬಸ್ಸಲ್ಲಿ ಕೂರಿಸಿ ದೇವಸ್ಥಾನ, ಗೋಡಂಬಿ ಫ್ಯಾಕ್ಟರಿ, ಮೂಡುಬಿದಿರೆ ಅಂತ ಸುತ್ತಿಸಿ ಸಂಜೆ ಹಡಗು ಹತ್ತಿಸ್ತಾರೆ. ಬಂದರಿಗೆ ಬಂದವರಿಗೆ ಬಂದರೇ ತೋರಿಸದ ಊರು ನಮ್ಮದು ಮಾರ್ರೆ.

ಒಟ್ಟಿಗೆ ಎಲ್ಲ ಮಾಡಿ ಅಂತ ಕೇಳುದಿಲ್ಲ, ನಿಮ್ಗೂ ಬಜೆಟ್ ಉಂಟು, ಮೇಲಿನವರ ಒತ್ತಡ ಉಂಟು. ಆಗಸ್ಟ್ 1ಕ್ಕೆ ಬೋಟು ಕಡಲಿಗೆ ಇಳೀತದೆ, ಅದಾದ ಮೇಲೆ ಮಳೆ ಕಮ್ಮಿಯಾಗಿ ಬರುವವರ ಗರ್ದಿ ಶುರು. ಅಷ್ಟರ ಒಳಗೆ ಎರಡು ಫೆರಿಯ ಟೈಮ್‌ಬೋರ್ಡು, ದಕ್ಕೆಯ ಟಾಯ್ಲೆಟ್, ಸ್ಟೇಟ್‌ಬ್ಯಾಂಕಿಂದ ಬಂದರಿಗೆ ದಾರಿ ತೋರಿಸುವ ಒಂದು ನಕ್ಷೆ, ಇಷ್ಟು ಆದ್ರೆ ಈ ವರ್ಷಕ್ಕೆ ಸಾಕು. ಮೀನು ಕ್ಯಾಲೆಂಡರಿಗೆ ಮೀನಿನ ತುಳು ಹೆಸರು ಬರೆದು ಕೊಡುವ ಕೆಲಸ ಇದ್ರೆ ನಾನೇ ಬರ್ತೇನೆ, ಪುಕ್ಸಟ್ಟೆ. ಮೀಟಿಂಗ್ ಮಧ್ಯಾಹ್ನ ಒಂದು ಗಂಟೆಗೆ ಮಾತ್ರ ಇಡ್ಬೇಡಿ, ಆ ಹೊತ್ತಿಗೆ ನಾನು ಬಂದರಲ್ಲಿ ಯಾರದ್ದೋ ಕುರ್ಚಿಯ ಹಿಂದೆ ನಿಂತಿರ್ತೇನೆ.

ಇಂತಿ,
ಬಂದರಿನ ಒಬ್ಬ ಗಿರಾಕಿ